ಕೇಳಿದವರ ಹೆಸರು

ಪುಟ್ಟೇನಹಳ್ಳಿಯ ಬುದ್ಧವಿಹಾರದ ಮಹಡಿಯ ಮೇಲಿರುವ ಗ್ರಂಥಾಲಯಕ್ಕೆ ವರ್ಷಕ್ಕೆ ಇಪ್ಪತ್ತು ಹೊಸ ಪುಸ್ತಕ ಕೊಳ್ಳುತ್ತಾರೆ. ಇಪ್ಪತ್ತೇ ಯಾಕೆ ಎಂದು ಹೊಸಬರು ಯಾರಾದರೂ ಕೇಳಿದರೆ ಅಧ್ಯಕ್ಷ ಪಿಳ್ಳಣ್ಣ ಬೀರುವಿನ ಕಡೆ ಕೈ ತೋರಿಸಿ, ವರ್ಷಕ್ಕೊಂದು ಖಾನೆ ತುಂಬಬೇಕು, ಖಾನೆಯಲ್ಲಿ ಹಿಡಿಯುವುದೇ ಅಷ್ಟು ಎನ್ನುತ್ತಾರೆ. ಏಪ್ರಿಲ್ ಹದಿನಾಲ್ಕರ ಜಯಂತಿಯ ಬೆಳಿಗ್ಗೆ, ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಪಾನಕ ಹಂಚುವುದಕ್ಕೆ ಮುಂಚೆ, ಆ ಇಪ್ಪತ್ತರ ಪಟ್ಟಿ ವಿಹಾರದ ಗೇಟಿನ ಪಕ್ಕದ ಹಸಿರು ಬೋರ್ಡಿನ ಮೇಲೆ ಬರಬೇಕು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಯಾವ ಇಪ್ಪತ್ತು ಎನ್ನುವುದೇ ತಲೆನೋವು. ಆ ತಲೆನೋವು ಹೊತ್ತವಳು ಗ್ರಂಥಾಲಯ ನೋಡಿಕೊಳ್ಳುವ ಸುಧಾಮಣಿ. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಹತ್ತೊಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ದಿನಕ್ಕೆ ನಾನೂರು ಶರ್ಟಿನ ಒಳಹೊಲಿಗೆ ತಿರುವಿ ನೋಡಿದವಳು. ಆ ಕೈ ಈಗಲೂ ಹಾಗೇ ಇದೆ. ಅಂಗಡಿಗೆ ಹೋದರೆ ಪುಸ್ತಕದ ಮುಖಪುಟ ನೋಡುವುದಿಲ್ಲ. ನಟ್ಟನಡುವೆ ಬಿಡಿಸಿ, ಎರಡೂ ಕಡೆ ಹಿಡಿದು ಒಂದು ಸಲ ಜಗ್ಗುತ್ತಾಳೆ. ಬರೀ ಗೋಂದು ಹಚ್ಚಿದ್ದಾದರೆ ಚಟ್ ಎನ್ನುತ್ತದೆ, ದಾರದ ಹೊಲಿಗೆಯಾದರೆ ತಡೆಯುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೂ ಅವಳಿಗೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಂದು ಪುಸ್ತಕ ನಲವತ್ತು ಮನೆ ತಿರುಗಿ ಬರುತ್ತೆ ಸಾರ್, ಗೋಂದು ನಂಬಿಕೊಂಡು ಕೂರೋಕಾಗಲ್ಲ ಎಂದು ಅವರಿಗೇ ಬುದ್ಧಿ ಹೇಳಿ ಬರುತ್ತಾಳೆ.

ಆದರೆ ಆರಿಸುವುದು ಅವಳ ಇಷ್ಟದಂತಲ್ಲ. ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಉದ್ದನೆಯ ಬೇಡಿಕೆ ಪುಸ್ತಕ ಇರುತ್ತದೆ. ಯಾರಿಗೆ ಏನು ಬೇಕೋ ಅದರಲ್ಲಿ ಬರೆಯಬೇಕು. ಪುಸ್ತಕದ ಹೆಸರು ಗೊತ್ತಿದ್ದು ಬರೆಯುವವರು ಕಡಿಮೆ. ಆಟೋ ಓಡಿಸುವ ಕಿಟ್ಟಿ, ‘ಪ್ಯಾಸೆಂಜರ್ ಹತ್ತಿರ ಇಂಗ್ಲಿಷಿನಲ್ಲಿ ಜಗಳ ಆಡುವುದು ಹೇಗೆ ಅಂತ ಇರುವ ಪುಸ್ತಕ’ ಎಂದು ಬರೆದಿದ್ದ. ಎದುರು ಮನೆಯ ರುದ್ರಮ್ಮಜ್ಜಿ ಮೊಮ್ಮಗಳ ಕೈಯಲ್ಲಿ, ‘ಬುದ್ಧನ ಕತೆ. ಅಕ್ಷರ ಹುರುಳಿಕಾಳಿಗಿಂತ ದಪ್ಪ ಇರಬೇಕು’ ಎಂದು ಬರೆಸಿದ್ದರು. ಇಂಥ ಮಾತನ್ನೆಲ್ಲ ಹಿಡಿದುಕೊಂಡು ಮಾರ್ಚಿ ತಿಂಗಳಿಡೀ ಅಂಗಡಿ ಸುತ್ತಿ, ಯಾರ ಮಾತಿಗೆ ಯಾವ ಪುಸ್ತಕ ಹೊಂದುತ್ತದೆ ಎಂದು ಗುರುತು ಹಾಕಿಕೊಂಡು ಬರುವುದು ಸುಧಾಮಣಿಯ ಕೆಲಸ. ಆಮೇಲೆ ಮೂವರು ಕೂತು ಇಪ್ಪತ್ತಕ್ಕೆ ಇಳಿಸುತ್ತಾರೆ: ಪಿಳ್ಳಣ್ಣ, ಕಾರ್ಯದರ್ಶಿ ಸಿದ್ಧಾರ್ಥ, ಅವಳು.

ಇದಕ್ಕೆ ಎರಡು ಕಟ್ಟಳೆ. ಹೆಸರು, ರುಜು ಇಲ್ಲದ ಬೇಡಿಕೆಯನ್ನು ಓದುವುದೇ ಇಲ್ಲ. ಯಾವುದೋ ವರ್ಷ ಯಾರೋ ಪೋಲಿ ಹುಡುಗರು ಹೆಸರು ಹಾಕದೆ ಏನೋ ಗೀಚಿ, ಪಿಳ್ಳಣ್ಣ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಅರ್ಧಕ್ಕೆ ಬಂದಮೇಲೆ ಅರ್ಥವಾಗಿ ಕೆಮ್ಮಿದ್ದರು. ಎರಡನೆಯದು, ಲೈಬ್ರರಿಯವಳು ತನ್ನ ಹೆಸರಿನಲ್ಲಿ ಏನನ್ನೂ ಕೇಳಕೂಡದು. ತನಗೆ ಬೇಕಾದ್ದನ್ನು ತರಿಸಿಕೊಂಡಳು ಎಂಬ ಮಾತು ಬರಬಾರದು.

ಬೋರ್ಡಿನ ಮೇಲೆ ಪುಸ್ತಕದ ಪಕ್ಕದಲ್ಲೇ ಅದನ್ನು ಕೇಳಿದವರ ಪೂರ್ತಿ ಹೆಸರು ಬರುತ್ತದೆ. ಮೊದಲ ಸರದಿ ಅವರದು. ಇದು ಪಿಳ್ಳಣ್ಣನ ಪದ್ಧತಿ. ತಾಲ್ಲೂಕು ಕಚೇರಿಯಲ್ಲಿ ಮೂವತ್ತಾರು ವರ್ಷ ಅಟೆಂಡರ್ ಆಗಿದ್ದವರು. ಬಿನ್, ಕೋಂ ಇಲ್ಲದೆ ಅವರಿಗೆ ಹೆಸರು ಹೆಸರೇ ಅಲ್ಲ. ಗಂಡಸಾದರೆ ಇಂಥವನ ಮಗ, ಮದುವೆಯಾದ ಹೆಂಗಸಾದರೆ ಇಂಥವನ ಹೆಂಡತಿ ಎಂದು ಕಾಗದಪತ್ರದ ರೀತಿಯಲ್ಲೇ ಬರೆಯಬೇಕು. ಅವರ ಅಪ್ಪನ ಹೆಸರು ಸರ್ಕಾರದ ಕಾಗದದಲ್ಲಿ ಬಂದದ್ದು ಒಂದೇ ಸಲವಂತೆ, ಅದೂ ಮರಣ ಪತ್ರದಲ್ಲಿ. ಜೀವಂತ ಇರುವಾಗ ಊರವರು ಅವನನ್ನು ಕರೆದದ್ದು ಜಾತಿ ಹಿಡಿದು. ಅದಕ್ಕೇ ಪಿಳ್ಳಣ್ಣ ಎಪ್ಪತ್ತೆಂಟರ ವಯಸ್ಸಿನಲ್ಲೂ ಸ್ಟೂಲು ಹತ್ತಿ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಒಂದೊಂದು ಹೆಸರನ್ನೂ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ. ಜನ ಮಕ್ಕಳನ್ನು ಕರೆತಂದು, ನೋಡು, ನಿಮ್ಮಮ್ಮನ ಹೆಸರು ಎಂದು ತೋರಿಸುತ್ತಾರೆ. ಸುಧಾಮಣಿ ಅದನ್ನು ನೋಡಿ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದಾಳೆ.

ರಾಜಶ್ರೀ ಬರತೊಡಗಿದ್ದು ಹೋದ ದೀಪಾವಳಿಯ ನಂತರ. ಸಿಂದಗಿ ಕಡೆಯವಳು, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಜೆ.ಪಿ. ನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಿಲ್ ಬರೆಯುವ ಕೆಲಸ. ಗಂಡ ಸಂಗಮೇಶ ಕಾರು ಓಡಿಸುತ್ತಾನೆ. ಅವನು ವಿಮಾನ ನಿಲ್ದಾಣದ ಕಡೆ ಹೋದ ಸಂಜೆಗಳಲ್ಲಿ ಮಾತ್ರ ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕೂರುತ್ತಿರಲಿಲ್ಲ. ಬೀರುವಿನ ಪಕ್ಕ ನಿಂತೇ ಹತ್ತು ಹದಿನೈದು ನಿಮಿಷ ಓದಿ, ಪುಟದ ನಂಬರನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, ಪುಸ್ತಕವನ್ನು ಅಲ್ಲೇ ಇಟ್ಟು ಹೋಗುತ್ತಿದ್ದಳು. ಮನೆಗೆ ತೆಗೆದುಕೊಂಡು ಹೋಗು ಎಂದರೆ, ಬ್ಯಾಡ್ರಿ ಅಕ್ಕಾರ, ಇಲ್ಲೇ ಇರ್ಲಿ ಎನ್ನುವಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಕವರೊಂದನ್ನು ತಂದು ಬೀರುವಿನಲ್ಲಿ ಇಟ್ಟುಕೊಳ್ಳಿ ಎಂದು ಕೊಟ್ಟಳು. ಒಳಗೆ ಅವಳ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಇದ್ದವು. ಸುಧಾಮಣಿ ಯಾಕೆ ಎಂದು ಕೇಳಲಿಲ್ಲ. ಗಾರ್ಮೆಂಟ್ಸಿನಲ್ಲಿ ಅಂಥ ಕವರುಗಳನ್ನು ಲಾಕರಿನಲ್ಲಿಟ್ಟುಕೊಂಡ ಹೆಂಗಸರನ್ನು ಅವಳು ಕಂಡಿದ್ದಳು.

ಫೆಬ್ರವರಿಯಲ್ಲಿ ರಾಜಶ್ರೀ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಒಂದು ಪುಸ್ತಕ ಕೇಳಿದಳು. ಹೆಂಗಸರಿಗೆ ಕಾಯ್ದೆಯಲ್ಲಿ ಏನೇನಿದೆ, ಗಂಡನಿಂದ ಬೇರೆಯಾಗಿ ಇರಬೇಕೆಂದರೆ ಎಲ್ಲಿಗೆ ಹೋಗಬೇಕು, ಯಾರಿಗೆ ಅರ್ಜಿ ಕೊಡಬೇಕು ಎಂದು ಬಿಡಿಸಿ ಹೇಳುವ ಪುಸ್ತಕ. ಫೋನಿನಲ್ಲಿ ನೋಡಬಹುದಿತ್ತು, ಆದರೆ ಅವಳು ಫೋನಿನಲ್ಲಿ ಏನು ನೋಡಿದಳು ಎಂದು ಅವನು ರಾತ್ರಿ ತೆಗೆದು ನೋಡುತ್ತಾನೆ. ಸುಧಾಮಣಿ ಬೇಡಿಕೆ ಪುಸ್ತಕವನ್ನು ಅವಳ ಕಡೆ ತಿರುಗಿಸಿದಳು.

“ನನ್ನ ಹೆಸರ ಬ್ಯಾಡ್ರಿ ಅಕ್ಕಾರ. ನಿಮ್ಮ ಹೆಸರ್ಲೆ ನೀವ ಬರಕೋರಿ.”

“ನಾನು ಬರೆಯೋ ಹಾಗಿಲ್ಲಮ್ಮ. ಹೆಸರಿಲ್ಲದೆ ಇದ್ರೆ ಕಮಿಟಿಯೋರು ಓದೋದೂ ಇಲ್ಲ. ಬರಿ, ಹೆದ್ರಬೇಡ. ಹೆಸರು ಬರೆದ್ರೆ ಏನಾಗುತ್ತೆ?”

ರಾಜಶ್ರೀ ಪೆನ್ನು ಹಿಡಿದು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಬರೆದಳು. ಬೋರ್ಡಿನ ವಿಷಯ ಅವಳಿಗೆ ಗೊತ್ತಿರಲಿಲ್ಲ, ಹೋದ ಏಪ್ರಿಲ್ಲಿನಲ್ಲಿ ಅವಳು ಇಲ್ಲಿ ಇರಲೇ ಇಲ್ಲ. ಸುಧಾಮಣಿಗೆ ಗೊತ್ತಿತ್ತು. ಆದರೆ ಬೋರ್ಡು ಎಂದರೆ ಅವಳ ಮನಸ್ಸಿನಲ್ಲಿದ್ದದ್ದು ಪಾನಕ, ಹಾರ, ಮಕ್ಕಳನ್ನು ಎತ್ತಿಕೊಂಡು ನಿಂತ ತಾಯಂದಿರು. ಅದನ್ನೂ ಇದನ್ನೂ ಅವಳು ಒಂದು ಕಡೆ ಇಟ್ಟು ನೋಡಲೇ ಇಲ್ಲ.

ಆ ಪುಸ್ತಕಕ್ಕಾಗಿ ಅವಳು ಮೂರು ದಿನ ಅಲೆದಳು. ಮೊದಲು ಸಿಕ್ಕಿದ್ದು ವಕೀಲರು ವಕೀಲರಿಗೇ ಬರೆದದ್ದು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಮೊದಲು ಮರೆತುಹೋಗುತ್ತಿತ್ತು. ಇನ್ನೊಂದರ ತುಂಬ ಬರೀ ತಾಳ್ಮೆಯ ಉಪದೇಶ. ಕೊನೆಗೆ ಬನಶಂಕರಿಯ ಒಂದು ಸಣ್ಣ ಅಂಗಡಿಯಲ್ಲಿ ಪ್ರಶ್ನೋತ್ತರದ ಹಾಗೆ ಬರೆದ ಕೈಪಿಡಿ ಸಿಕ್ಕಿತು. ‘ಬೇರೆ ಇರುವುದು, ಜೀವನಾಂಶ, ರಕ್ಷಣೆ: ಹೆಂಗಸರಿಗೆ ಕಾನೂನು.’ ಅರ್ಜಿಯ ನಮೂನೆ ಸಮೇತ ಇತ್ತು. ಸುಧಾಮಣಿ ಬಿಡಿಸಿ ಜಗ್ಗಿದಳು. ದಾರದ ಹೊಲಿಗೆ. ಗುರುತು ಹಾಕಿಕೊಂಡಳು.

ಏಪ್ರಿಲ್ ಮೊದಲ ಭಾನುವಾರ ಮೂವರೂ ಕೂತರು. ಬೇಡಿಕೆ ಅರವತ್ತಮೂರು. ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರು ನಿಂತು ಮೋಟಾರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ರುದ್ರಮ್ಮಜ್ಜಿಯ ಬುದ್ಧನಿಗೆ ಯಾರ ತಕರಾರೂ ಇಲ್ಲ, ಕಿಟ್ಟಿಯ ಜಗಳಕ್ಕೂ ಇಲ್ಲ. ಕೆರೆಯ ಹಕ್ಕಿಗಳ ಪುಸ್ತಕದ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಹತ್ತೊಂಬತ್ತು ಮುಗಿದು, ಇಪ್ಪತ್ತನೆಯದಕ್ಕೆ ಬಂದಾಗ ಉಳಿದದ್ದು ಎರಡು. ಸಿದ್ಧಾರ್ಥ ಪಿಡಿಒ ಪರೀಕ್ಷೆಯ ಗೈಡಿನ ಎರಡನೆಯ ಪ್ರತಿ ಬೇಕೇ ಬೇಕು ಎಂದ. ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಊರಿನ ಹುಡುಗರು ಓದಿ ಮೇಲೆ ಬರಲಿ ಎಂಬ ಕಾಳಜಿಯವನು. ಅದನ್ನು ಹದಿನಾಲ್ಕು ಜನ ಕೇಳಿದ್ದಾರೆ, ಕಾನೂನು ಪುಸ್ತಕ ಕೇಳಿರುವುದು ಒಬ್ಬರೇ ಎಂದು ತೋರಿಸಿದ.

“ಗೈಡ್ ಕೇಳೋಕೆ ಯಾರೂ ಹೆದ್ರಲ್ಲ ಸಿದ್ದು,” ಎಂದಳು ಸುಧಾಮಣಿ. “ಇದನ್ನ ಒಬ್ಬಳು ಬಾಯಿಬಿಟ್ಟು ಕೇಳಿದಾಳೆ ಅಂದ್ರೆ ಇನ್ನೂ ನಲವತ್ತು ಜನ ಕೇಳದೆ ಕೂತಿದಾರೆ ಅಂತ ಲೆಕ್ಕ.”

ಪಿಳ್ಳಣ್ಣನಿಗೆ ಸುತರಾಂ ಇಷ್ಟವಿರಲಿಲ್ಲ. “ಬೇಡ ಕಣಮ್ಮ ಸುಧಾ. ಊರೋರು ಏನಂತಾರೆ? ವಿಹಾರದ ಲೈಬ್ರರಿ ಸಂಸಾರ ಒಡೆಯೋಕೆ ನಿಂತಿದೆ ಅಂತಾರೆ.”

“ನೆಟ್ಟಗಿರೋ ಸಂಸಾರದೋರು ಯಾರು ಮಾವ ಇದನ್ನ ಕೇಳ್ತಾರೆ?”

ಮಾತು ಬೆಳೆಯಿತು. ಸುಧಾಮಣಿ ಗಾರ್ಮೆಂಟ್ಸಿನ ಕತೆ ತೆಗೆದಳು, ತನ್ನ ಪಕ್ಕದ ಟೇಬಲ್ಲಿನಲ್ಲಿದ್ದ ಒಬ್ಬಳು ಸೋಮವಾರ ಸೋಮವಾರ ಏಟಿಗೆ ಊದಿದ ಮುಖ ಹೊತ್ತು ಬರುತ್ತಿದ್ದುದನ್ನು, ಒಂದು ಸೋಮವಾರ ಬಾರದೇ ಹೋದುದನ್ನು ಹೇಳಿದಳು. ಪಿಳ್ಳಣ್ಣ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬೇಡಿಕೆ ಪುಸ್ತಕವನ್ನು ಹತ್ತಿರ ಎಳೆದುಕೊಂಡರು.

“ಹೆಸರು ಹಾಕಿದಾಳಾ?”

“ಹಾಕಿದಾಳೆ. ರುಜೂನೂ ಇದೆ.”

ಅವರು ಬೆರಳಿಟ್ಟು ಆ ಸಾಲನ್ನು ಓದಿದರು. “ಇಂಥಾದ್ದು ಕೇಳಿ ಹೆಸರು ಹಾಕೋ ಧೈರ್ಯ ಮಾಡಿದಾಳೆ ಅಂದ್ಮೇಲೆ ಬೇಡ ಅನ್ನೋಕೆ ನಾವ್ಯಾರು? ಹಾಕ್ಕೊ.”

ಸುಧಾಮಣಿ ಗೆದ್ದಳು. ಅವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಮಲ್ಲಿಗೆ ಕೊಂಡು ಮುಡಿದಳು.

ಜಯಂತಿಯ ಬೆಳಿಗ್ಗೆ ಪಿಳ್ಳಣ್ಣ ಸ್ಟೂಲಿನ ಮೇಲೆ, ಸುಧಾಮಣಿ ಪಟ್ಟಿ ಹಿಡಿದು ಕೆಳಗೆ. ಅವಳು ಹೇಳಬೇಕು, ಅವರು ಬರೆಯಬೇಕು. ಹಿಂದಿನಿಂದ ಹಾಡಿನ ಸದ್ದು, ನೀಲಿ ಬಂಟಿಂಗ್ಸು ಪಟಪಟ ಎನ್ನುತ್ತಿತ್ತು. ಕೊನೆಯ ಸಾಲಿಗೆ ಬಂದರು. ಪುಸ್ತಕದ ಹೆಸರು ಪೂರ್ತಿ ಬರೆದು, ಪಕ್ಕದಲ್ಲಿ ರಾಜಶ್ರೀ ಎಂದು ಬರೆದು, ಪಿಳ್ಳಣ್ಣ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಿರುಗಿ ನೋಡಿದರು.

“ಕೋಂ ಯಾರಮ್ಮ?”

ಅವಳು ಮೇಲೆ ಹೋಗಿ ಸದಸ್ಯರ ಫಾರಮ್ಮು ತೆಗೆದು ನೋಡಿಕೊಂಡು, ಕಿಟಕಿಯಿಂದಲೇ ಕೂಗಿ ಹೇಳಿದಳು: “ಸಂಗಮೇಶ, ಮಾವ.”

ಪಾನಕ ಹಂಚಿದರು. ಸಿದ್ಧಾರ್ಥ ಬೋರ್ಡಿನ ಫೋಟೋ ತೆಗೆದು, ಎಲ್ಲರಿಗೂ ಗೊತ್ತಾಗಲಿ ಎಂದು ಬಡಾವಣೆಯ ಗ್ರೂಪಿಗೆ ಹಾಕಿದ. ಹೆಸರಿಗೆ ಬಡಾವಣೆಯ ಗ್ರೂಪು, ಅದರಲ್ಲಿ ನಡೆಯುವುದು ಟ್ಯಾಂಕರಿನ ಮಾತು: ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಬರುತ್ತದೆ ಎಂದು. ಆ ಬೇಸಿಗೆಯಲ್ಲಿ ಪುಟ್ಟೇನಹಳ್ಳಿಯಲ್ಲಿ ಬಾಡಿಗೆಗಿದ್ದ ಒಂದು ಮನೆಯೂ ಅದರಿಂದ ಹೊರಗಿರಲಿಲ್ಲ.

ಪುಸ್ತಕಗಳು ಬಂದದ್ದು ಒಂದು ವಾರದ ಮೇಲೆ. ಸುಧಾಮಣಿ ಒಂದೊಂದಕ್ಕೂ ಮೊಹರು ಒತ್ತಿ, ನಂಬರು ಬರೆದು, ಕೇಳಿದವರಿಗೆ ಫೋನು ಮಾಡಿ ಕರೆದಳು. ರುದ್ರಮ್ಮಜ್ಜಿ ಅಕ್ಷರದ ಮೇಲೆ ಬೆರಳಾಡಿಸಿ, ಪರವಾಗಿಲ್ಲ, ಅಲಸಂದೆ ಕಾಳಿನಷ್ಟಿದೆ ಎಂದರು. ರಾಜಶ್ರೀಯ ಫೋನು ಮಾತ್ರ ಸ್ವಿಚ್ ಆಫ್. ಕ್ಲಿನಿಕ್ಕಿನ ಕೆಲಸ ಜಾಸ್ತಿಯಿರಬೇಕು ಎಂದುಕೊಂಡು ಸುಧಾಮಣಿ ಆ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟುಕೊಂಡಳು. ಹೊರಗಿನವರಿಗೆ ಹೆಸರು ಕಾಣದಿರಲಿ ಎಂದು ಹೊದಿಕೆ. ಅಷ್ಟು ಹೊಳೆದಿತ್ತು ಅವಳಿಗೆ.

ಎರಡು ದಿನ ಬಿಟ್ಟು ಸಂಜೆ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯ ಮೇಲೆ ವಿಭೂತಿ. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದು ಕೈಮುಗಿದ.

“ನಮಸ್ಕಾರ್ರಿ ಅಕ್ಕಾರ. ನಾ ಸಂಗಮೇಶ್ರಿ. ನಮ್ಮ ಮನ್ಯಾಕಿ ನಿಮ್ಮಲ್ಲಿ ಮೆಂಬರ್ ಅದಾಳಲ್ರಿ. ಆಕಿ ಹೆಸರ್ಲೆ ಒಂದ ಪುಸ್ತಕ ಬರೂದೈತೆಂತ. ಬಂದಿದ್ರ ಕೊಡ್ರಿ, ಒಯ್ತೀನಿ.”

ಸುಧಾಮಣಿಯ ಮೊಣಕಾಲು ಆ ಖಾನೆಗೆ ತಾಗುತ್ತಿತ್ತು. ಅವಳು ಪುಸ್ತಕ ಬಂದಿಲ್ಲ ಎಂದಳು. ರಾಜಶ್ರೀ ಎಲ್ಲಿ ಎಂದು ಕೇಳಿದಳು.

ಊರಿಗೆ ಕಳಿಸಿದ್ದೇನೆ, ಆರಾಮಿಲ್ಲ ಎಂದ. ಅವನ ದನಿಯಲ್ಲಿ ಎಲ್ಲೂ ಒರಟಿರಲಿಲ್ಲ. ಜೇಬಿನಿಂದ ಫೋನು ತೆಗೆದು, ಬೋರ್ಡಿನ ಫೋಟೋ ಬಿಡಿಸಿ, ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಅವಳ ಮುಂದೆ ಹಿಡಿದ.

“ಅಕ್ಷರ ಬಾಳ ಚಂದ ಅದಾವ್ರಿ. ಯಾರ ಬರದಾರ? ನನ್ನ ಹೆಸರನೂ ಒಂದಕ್ಷರ ಸೈತ ತಪ್ಪಿಲ್ಲ. ನಮ್ಮ ಓಣ್ಯಾಗ ಎಲ್ಲಾರೂ ನೋಡ್ಯಾರ. ನಮ್ಮ ಕಡೆ ಡ್ರೈವರ್ ಮಂದಿ ಫೋನ್ ಹಚ್ಚಿ ಕೇಳಿದ್ರು, ಏನಪಾ ಸಂಗಮೇಶ, ಹೆಂಡ್ತಿ ಏನ ಓದಾಕತ್ಯಾಳ ಅಂತ.”

ಬೇರೆ ಏನಾದರೂ ಇಲ್ಲಿ ಇಟ್ಟಿದ್ದಾಳಾ, ಕಾಗದ ಗೀಗದ, ಎಂದು ಕೇಳಿದ. ಇಲ್ಲ ಎಂದಳು. ಅವನು ತಲೆದೂಗಿ, ಪುಸ್ತಕ ಬಂದರೆ ತನಗೇ ಫೋನು ಮಾಡಬೇಕೆಂದು ನಂಬರು ಬರೆದಿಟ್ಟು, ಮತ್ತೆ ಕೈಮುಗಿದು ಹೋದ. ಸುಧಾಮಣಿ ಕಿಟಕಿಗೆ ಬಂದು ನೋಡಿದಳು. ಅವನು ಗೇಟಿನ ಹತ್ತಿರ ನಿಂತು, ಕರ್ಚೀಫು ತೆಗೆದು, ಬೋರ್ಡಿನ ಕೊನೆಯ ಸಾಲಿನಲ್ಲಿ ರಾಜಶ್ರೀ ಎಂಬುದನ್ನು ಮಾತ್ರ ಒರೆಸಿದ. ಕೋಂ ಸಂಗಮೇಶ ಹಾಗೇ ಉಳಿಯಿತು. ಕರ್ಚೀಫು ಕೊಡವಿ, ಮಡಚಿ ಜೇಬಿಗಿಟ್ಟುಕೊಂಡು ಹೋದ.

ಅವಳು ಬಾಗಿಲೂ ಹಾಕದೆ ಹಿಂದಿನ ಬೀದಿಗೆ ಓಡಿದಳು. ರಾಜಶ್ರೀ ಇದ್ದ ಕಟ್ಟಡದ ಕೆಳಮನೆಯಲ್ಲಿ ದಾನಮ್ಮ ಎಂಬಾಕೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಸುಧಾಮಣಿ ವಾರಕ್ಕೊಮ್ಮೆ ಅವಳ ಹತ್ತಿರ ರೊಟ್ಟಿ ಕೊಳ್ಳುವವಳೇ. ಎರಡನೆಯ ಮಹಡಿಯ ಮನೆಯಲ್ಲಿ ರಾಜಶ್ರೀ ಇಲ್ಲ ಎಂದು ದಾನಮ್ಮ ಹೇಳಿದಳು. ಅವನು ಈಗ ಸಾಮಾನು ಸಾಗಿಸಲು ಬಂದಿದ್ದಾನೆ. ಆಮೇಲೆ ಬಾಗಿಲು ಮುಂದೆ ಮಾಡಿ, ಹಿಟ್ಟಿನ ಕೈಯಲ್ಲೇ ಸೆರಗು ಹಿಡಿದುಕೊಂಡು ಉಳಿದದ್ದನ್ನು ಹೇಳಿದಳು. ಜಯಂತಿಯ ದಿನ ಸಂಜೆಗೇ ಅವನು ಮೇಲೆ ಹೋದನಂತೆ. ಮೆಟ್ಟಿಲ ಮೇಲೆ ನಿಂತು ಫೋನು ನೋಡಿ ಓದಿಕೊಂಡನಂತೆ, ಪಾಠ ಓದಿದ ಹಾಗೆ, ಹೆಸರು ಸಮೇತ.

“ಒದರಲಿಲ್ರಿ ಅಂವ. ಮಾತಾಡಿದಂಗ ಕೇಳಿದ, ಯಾವ ಕೈಲೆ ಬರದಿ, ತೋರ್ಸು ಅಂತ.”

ದಾನಮ್ಮ ಮೇಲೆ ಹೋಗಿ ಬಾಗಿಲು ಬಡಿದಳು. ಅವನೇ ತೆರೆದ. ರೊಟ್ಟಿ ಅದಾವೇನ್ರಿ ವೈನಿ, ಇವತ್ತ ಅಡಗಿ ಆಗಿಲ್ಲ ಎಂದು ಕೇಳಿದ. ಅವಳಿಗೆ ಏನು ಮಾಡುವುದೋ ತೋಚದೆ ನಾಲ್ಕು ರೊಟ್ಟಿ ಕೊಟ್ಟುಬಂದಳು. ಅದನ್ನು ಹೇಳುವಾಗ ಅವಳು ಸುಧಾಮಣಿಯ ಮುಖ ನೋಡಲಿಲ್ಲ. ಬೆಳಗಾಗುವ ಹೊತ್ತಿಗೆ ಕಾರಿನಲ್ಲಿ ಊರಿಗೆ ಕರೆದೊಯ್ದ. ರಾಜಶ್ರೀಯ ಬಲಗೈಗೆ ಟವಲು ಸುತ್ತಿತ್ತು.

ಮರುದಿನ ಸಿದ್ಧಾರ್ಥ ರಜೆ ಹಾಕಿ ಅವಳ ಜೊತೆ ಠಾಣೆಗೆ ಬಂದ. ಗ್ರೂಪಿನಿಂದ ಫೋಟೋ ಅಳಿಸಲು ನೋಡಿದ್ದ, ಆ ಹೊತ್ತಿಗೆ ತಡವಾಗಿ ಅದು ಅಳಿಯಲಿಲ್ಲ. ಠಾಣೆಯವರು ಕೂರಿಸಿ ಕೇಳಿದರು. ನೀವು ಆಕೆಗೆ ಏನಾಗಬೇಕು ಎಂದರು. ಲೈಬ್ರರಿ ಎಂದಳು. ಹೊಡೆದದ್ದನ್ನು ನೀವು ಕಂಡಿರಾ ಎಂದರು. ಕಂಡಿರಲಿಲ್ಲ. ದಾನಮ್ಮ, ನನಗ ಇದೇ ಬೀದ್ಯಾಗ ಬಾಳೇವು ಮಾಡೂದೈತ್ರಿ ಎಂದು ಬರಲು ಒಪ್ಪಿರಲಿಲ್ಲ. ಹೆಂಡತಿಯನ್ನು ಊರಿಗೆ ಕರೆದೊಯ್ದಿದ್ದಾನೆ, ಆ ಊರು ಬೇರೆ ಜಿಲ್ಲೆಗೆ ಸೇರಿದ್ದು, ಅವಳ ಕಡೆಯವರು ಅಲ್ಲಿ ದೂರು ಕೊಡಲಿ ಎಂದರು. ಇವರಿಬ್ಬರೂ ಮಹಿಳಾ ಸಹಾಯವಾಣಿಗೂ ಫೋನು ಮಾಡಿದರು. ಆ ಕಡೆಯ ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಂಡು, ಆ ಜಿಲ್ಲೆಗೆ ತಿಳಿಸುತ್ತೇವೆ ಎಂದಳು. ವಾರ ಕಳೆಯಿತು. ಯಾರಿಂದಲೂ ಏನೂ ಬರಲಿಲ್ಲ.

ಪಿಳ್ಳಣ್ಣನಿಗೆ ಸುಧಾಮಣಿಯೇ ಹೋಗಿ ಹೇಳಿದಳು. ಅವರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು.

“ನಿಂಗೆ ಹೊಳೀಲಿಲ್ವಾ ಸುಧಾ?”

“ಇಲ್ಲ ಮಾವ.”

“ನಂಗೂ ಹೊಳೀಲಿಲ್ಲ,” ಎಂದರು. “ಕೋಂ ಯಾರು ಅಂತ ಬೇರೆ ಕೇಳಿದೆ ನೋಡು.”

ಸುಧಾಮಣಿ ಸದಸ್ಯರ ಫಾರಮ್ಮನ್ನು ಮತ್ತೆ ತೆಗೆದಳು. ತುರ್ತಿಗೆ ಬೇಕಾದರೆ ಎಂಬಲ್ಲಿ ರಾಜಶ್ರೀ ಗಂಡನ ನಂಬರು ಕೊಟ್ಟಿರಲಿಲ್ಲ, ತಾಯಿ ಕೆಂಚವ್ವನದು ಕೊಟ್ಟಿದ್ದಳು. ಮೂರು ದಿನ ಅವಳು ಆ ನಂಬರನ್ನು ನೋಡುತ್ತ ಕೂತಳು. ಇನ್ನೊಂದು ಸಲ ತನ್ನಿಂದ ಏನಾದರೂ ಆದೀತು ಎಂಬ ಹೆದರಿಕೆ. ನಾಲ್ಕನೆಯ ದಿನ ಮಧ್ಯಾಹ್ನ, ಲೈಬ್ರರಿಯಲ್ಲಿ ಯಾರೂ ಇಲ್ಲದಾಗ, ಫೋನು ಮಾಡಿದಳು.

ಎತ್ತಿದ ಹೆಂಗಸು ಯಾರೆಂದು ಕೇಳಿದಳು. ಬೆಂಗಳೂರು, ಲೈಬ್ರರಿ ಎಂದು ಇವಳು ತೊದಲಿದಳು.

“ಪುಸ್ತಕದ ಅಕ್ಕಾರೇನ್ರಿ?”

ರಾಜಶ್ರೀ ಅವಳ ವಿಷಯ ತಾಯಿಗೆ ಹೇಳಿದ್ದಳಂತೆ, ಒಬ್ಬ ಅಕ್ಕ ಇದ್ದಾಳೆ, ನನ್ನ ಕಾಗದಪತ್ರ ಅವಳ ಹತ್ತಿರ ಜೋಪಾನವಾಗಿವೆ ಎಂದು. ಕೆಂಚವ್ವ ಅಳಲಿಲ್ಲ. ಅಳಿಯನ ಊರು ತಮ್ಮೂರಿಗೆ ಎಂಟು ಕಿಲೋಮೀಟರು, ಒಂದು ಸಲ ನೋಡಲು ಬಿಟ್ಟರು, ಎಲ್ಲರ ಎದುರಿಗೆ ಎಂದಳು. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಊರಿಗೆಲ್ಲ ಹೇಳಿದ್ದಾರೆ. ದವಾಖಾನೆಗೆ ಕರೆದೊಯ್ದಿಲ್ಲ, ಬಿದಿರಿನ ಕಡ್ಡಿ ಕಟ್ಟಿದ್ದಾರೆ. ಬೆರಳುಗಳು ಕಪ್ಪಗಾಗಿವೆ.

ಸುಧಾಮಣಿ ಹೇಳಿದಳು. ರಾಜಶ್ರೀ ಬೇಡ ಬೇಡ ಎಂದದ್ದು, ತಾನೇ ಪುಸ್ತಕ ಅವಳ ಕಡೆ ತಿರುಗಿಸಿ ಬರೆಸಿದ್ದು, ಗಂಡನ ಹೆಸರನ್ನು ತಾನೇ ಹುಡುಕಿ ಕೂಗಿ ಹೇಳಿದ್ದು. ಒಂದನ್ನೂ ಬಿಡಲಿಲ್ಲ. ಆ ಕಡೆ ಎಲ್ಲೋ ಒಂದು ಮೇಕೆ ಕೂಗಿತು.

“ಅದನ್ನ ಈಗ ನನಗ ಹೇಳಿದ್ರ ನಾ ಏನ ಮಾಡ್ಲಿ ತಂಗಿ,” ಎಂದಳು ಕೆಂಚವ್ವ. “ಕೈ ಮುರಿಯುವಂಥಾದ್ದು ಏನ ಬರದಾರ ಅದರಾಗ? ನಿನ್ನ ಹತ್ರ ಐತೇನ? ಓದು. ನನಗ ಓದಾಕ ಬರೂದಿಲ್ಲ.”

ಸುಧಾಮಣಿ ಕಂದು ಹೊದಿಕೆಯ ಪುಸ್ತಕ ತೆಗೆದು ಓದತೊಡಗಿದಳು. ಪುಸ್ತಕದ ಭಾಷೆ ಬಿಗಿಯಾದಲ್ಲಿ ನಿಲ್ಲಿಸಿ ಬಿಡಿಸಿ ಹೇಳಿದಳು. ಕೆಂಚವ್ವ ಹೂಂ, ಹೂಂ ಎನ್ನುತ್ತಿದ್ದಳು. ಗಂಡ ಹೊಡೆದರೆ ಅದು ಅಪರಾಧ ಎಂಬಲ್ಲಿ ಹೂಂ ಎಂದಳು. ಹೆಂಡತಿಗೆ ಅದೇ ಮನೆಯಲ್ಲಿ ಇರುವ ಹಕ್ಕಿದೆ ಎಂಬಲ್ಲಿ ಏನೂ ಅನ್ನಲಿಲ್ಲ. ಹಿಂಸೆ ನಡೆದಿದೆ ಎಂದು ತಿಳಿದವರು ಯಾರೇ ಆದರೂ ಇದಕ್ಕೆಂದೇ ಸರ್ಕಾರ ಇಟ್ಟಿರುವ ರಕ್ಷಣಾಧಿಕಾರಿಗೆ ತಿಳಿಸಬಹುದು ಎಂದು ಓದಿದಾಗ ತಡೆದಳು.

“ಯಾರರ ಅಂದ್ರ, ನಾನೂ?”

“ನೀವೂ ಕಣಮ್ಮ. ನಾನೂ ತಿಳಿಸಬಹುದು.”

“ತಿಳಿಸಿದ ಮ್ಯಾಲ ಅವ್ರು ಯಾವಾಗ ಬರ್ತಾರ?”

ಸುಧಾಮಣಿ ಮುಂದಿನ ಪುಟ ತಿರುವಿದಳು. ಅಧಿಕಾರಿ ಯಾವಾಗ ಬರುತ್ತಾರೆ ಎಂದು ಇರಲಿಲ್ಲ, ಅರ್ಜಿ ಮುಟ್ಟಿದ ಮೇಲೆ ನ್ಯಾಯಾಲಯ ಮೊದಲ ವಿಚಾರಣೆಯನ್ನು ಸಾಧಾರಣವಾಗಿ ಮೂರು ದಿನದೊಳಗೆ ಇಡಬೇಕು ಎಂದಿತ್ತು. ಹೇಳಿದಳು.

“ಮೂರ ದಿನ,” ಎಂದಳು ಕೆಂಚವ್ವ. “ಆ ಮೂರ ದಿನ ಆಕಿ ಅವ್ರ ಮನ್ಯಾಗ ಇರ್ತಾಳ. ತಿಳಿಸಿದ್ದು ಆಕಿ ಅವ್ವ ಅಂತ ಅವ್ರಿಗಿ ಗೊತ್ತಾಗ್ತೈತಿ. ಆ ಮೂರ ದಿನದಾಗ ಆಕಿನ್ನ ಕೊಲ್ಲೂದಿಲ್ಲ ಅಂತ ಬರದೈತೇನ ಅದರಾಗ? ನೋಡಿ ಹೇಳು.”

ಸುಧಾಮಣಿ ನೋಡಿದಳು. ಆ ಪುಟ ನೋಡಿದಳು, ಅದರ ಹಿಂದಿನದು, ಮುಂದಿನದು, ಕೊನೆಯ ನಮೂನೆಗಳವರೆಗೂ ತಿರುವಿದಳು. ಆ ಕಡೆ ಕೆಂಚವ್ವ ಕಾಯುತ್ತಿರುವುದು ಉಸಿರಿನಲ್ಲಿ ಕೇಳಿಸುತ್ತಿತ್ತು.

“ಇಲ್ಲಮ್ಮ,” ಎಂದಳು. “ಅದನ್ನ ಬರೆದಿಲ್ಲ.”